ಇಸ್ತ್ರಿಯನ್ನು ಮೊದಲು ಬಿಡಬೇಕಾದವರು ಯಾರು?

ಬಟ್ಟೆಗೆ ಇಸ್ತ್ರಿ ಹಾಕುವುದನ್ನು ಬಿಟ್ಟರೆ ಭೂಮಿಯ ತಾಪ ಇಳಿಯುವುದೇ? ಪ್ರಶ್ನೆ ಮೇಲ್ನೋಟಕ್ಕೆ ನಗು ತರಿಸುವಂಥದು. ಆದರೆ ಅದನ್ನು ಎತ್ತಿದವರು ಹಗುರವಾಗಿ ಮಾತನಾಡುವ ಜನರಲ್ಲ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ನಮ್ಮ ದೇಶದ ದೊಡ್ಡ ವಿಜ್ಞಾನ ಸಂಸ್ಥೆಗಳಲ್ಲೊಂದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯೂ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ ಅದರ ಅಂಗಗಳು. 2024ರ ಮೇ ತಿಂಗಳಲ್ಲಿ ಈ ಪರಿಷತ್ತಿನ ಸಿಬ್ಬಂದಿ ಸೋಮವಾರಗಳಂದು ಇಸ್ತ್ರಿಯಿಲ್ಲದ ಉಡುಪಿನಲ್ಲಿಯೇ ಕೆಲಸಕ್ಕೆ ಬರುವ ಅಭಿಯಾನವೊಂದನ್ನು ಕೈಗೊಂಡರು. ಪರಿಷತ್ತಿನ ಮಹಾನಿರ್ದೇಶಕಿ ಡಾ. ಎನ್. ಕಲೈಸೆಲ್ವಿ ಅವರೇ ಇದಕ್ಕೆ ಬೆಂಬಲ ಸೂಚಿಸಿದರು. 'ರಿಂಕಲ್ಸ್ ಅಚ್ಛೇ ಹೈಂ', ಅಂದರೆ 'ಸುಕ್ಕು ಒಳ್ಳೆಯದು' ಎಂಬುದು ಅಭಿಯಾನದ ಹೆಸರು. ಇದರ ಮೂಲದಲ್ಲಿದ್ದವರು ಐಐಟಿ ಮುಂಬೈಯಲ್ಲಿ ಪ್ರಾಧ್ಯಾಪಕರಾಗಿದ್ದ ಚೇತನ್ ಸಿಂಗ್ ಸೋಲಂಕಿ. 2020ರಲ್ಲಿ ಮನೆ ಬಿಟ್ಟು ಸೌರಶಕ್ತಿಯ ಬಸ್ಸಿನಲ್ಲಿ ದೇಶಸಂಚಾರಕ್ಕೆ ಹೊರಟು, ಶಕ್ತಿಯ ಮಿತವಾದ ಬಳಕೆಯನ್ನು ಊರೂರಿನಲ್ಲಿ ಬೋಧಿಸಿದವರು.

ವಿಜ್ಞಾನಿಗಳು ಹೇಳಿದರೆಂಬ ಕಾರಣಕ್ಕೆ ಕಣ್ಣು ಮುಚ್ಚಿ ಒಪ್ಪುವುದೂ ಸಲ್ಲದು, ಹಾಸ್ಯ ಮಾಡಿ ತಳ್ಳಿಹಾಕುವುದೂ ಸಲ್ಲದು. ಮೊದಲು ಲೆಕ್ಕವನ್ನು ನೋಡೋಣ. ಒಂದು ಜೊತೆ ಬಟ್ಟೆಗೆ ಇಸ್ತ್ರಿ ಹಾಕಿದರೆ 200 ಗ್ರಾಂ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನು ಸೇರುತ್ತದೆ ಎಂದು ಅಭಿಯಾನದವರು ಹೇಳಿದರು. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಉತ್ಪಾದನೆಯಿಂದ ಸರಾಸರಿ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಈ ಪ್ರಮಾಣದಲ್ಲಿ 200 ಗ್ರಾಂ ಆಗಬೇಕಾದರೆ 1,000 ವಾಟ್‌ನ ಇಸ್ತ್ರಿ ಪೆಟ್ಟಿಗೆ 17 ನಿಮಿಷ ಎಡೆಬಿಡದೆ ಕಾಯುತ್ತಿರಬೇಕು. ಒಂದು ಅಂಗಿ ಹಾಗೂ ಒಂದು ಪ್ಯಾಂಟಿಗೆ ಅಷ್ಟು ಹೊತ್ತು ತೆಗೆದುಕೊಳ್ಳುವ ಗೃಹಿಣಿಯನ್ನು ನಾನು ಕಂಡಿಲ್ಲ. ಆರೇಳು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಪೆಟ್ಟಿಗೆಯೂ ಕಾದ ಮೇಲೆ ತಾನಾಗಿ ಆರಿ, ತಣ್ಣಗಾದಂತೆ ಮತ್ತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ನಿಜವಾದ ಪ್ರಮಾಣ 70-80 ಗ್ರಾಂ ಮೀರಲಾರದು ಎಂಬುದು ನನ್ನ ಅಂದಾಜು. ಒಳ್ಳೆಯ ಕಾರ್ಯಕ್ಕೂ ಉಬ್ಬಿಸಿದ ಅಂಕಿ ಬೇಕಾಗಿಲ್ಲ. ಅದು ಒಂದು ದಿನ ಬಯಲಾದಾಗ ಕಾರ್ಯದ ಮೇಲಿನ ನಂಬಿಕೆಯೂ ಹೋಗುತ್ತದೆ.

ಆದರೆ ಕಡಿಮೆ ಎಂದರೆ ಇಲ್ಲವೆಂದು ಅರ್ಥವಲ್ಲ. ದಿನಕ್ಕೆ ಮೂರು ಜೊತೆ ಬಟ್ಟೆ ಇಸ್ತ್ರಿಯಾಗುವ ಮನೆಯನ್ನು ತೆಗೆದುಕೊಳ್ಳಿ. ಜೊತೆಗೆ ಆರು ನಿಮಿಷದಂತೆ 18 ನಿಮಿಷ, ಹೆಚ್ಚೆಂದರೆ 0.3 ಯೂನಿಟ್. ತಿಂಗಳಲ್ಲಿ 26 ದಿನವಾದರೆ ಸುಮಾರು 8 ಯೂನಿಟ್. ಇದೇ ಎಂಟು ಯೂನಿಟ್ಟಿನಲ್ಲಿ 75 ವಾಟ್‌ನ ಹಳೆಯ ಫ್ಯಾನು ನೂರು ತಾಸಿಗೂ ಹೆಚ್ಚು ಹೊತ್ತು ತಿರುಗುತ್ತದೆ. ನಮ್ಮ ಬೇಸಿಗೆಯಲ್ಲಿ ಹಾಸಿಗೆ ಹಿಡಿದಿರುವ ವೃದ್ಧರೊಬ್ಬರಿಗೆ ಹತ್ತು ಹನ್ನೆರಡು ರಾತ್ರಿಗಳ ಗಾಳಿ ಅದು. ಇನ್ನೊಂದು ದಿಕ್ಕಿನಿಂದ ನೋಡಿದರೆ, 2,000 ವಾಟ್‌ನ ಗೀಸರ್ ದಿನವೂ ಅರ್ಧ ತಾಸು ಉರಿದರೆ ತಿಂಗಳಿಗೆ 30 ಯೂನಿಟ್ ಆಯಿತು. ಒಂದೂವರೆ ಟನ್ನಿನ ಎ.ಸಿ. ಒಂದೇ ತಾಸಿಗೆ ಒಂದು, ಒಂದೂವರೆ ಯೂನಿಟ್ ನುಂಗುತ್ತದೆ. ಸೂರ್ಯ ಧಾರಾಳವಾಗಿ ಕಾಯುವ ಕೊಪ್ಪಳ ಸೀಮೆಯಲ್ಲಿ ಸ್ನಾನದ ನೀರಿಗೆ ಕರೆಂಟು ಸುಡುವವರು ಇಸ್ತ್ರಿ ಬಿಟ್ಟೆವೆಂದು ಹೇಳಿಕೊಳ್ಳುವುದು ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗಿದಂತೆಯೇ ಸರಿ.

ಮನೆಯ ಇಸ್ತ್ರಿಯ ಮಾತೆತ್ತಿದೊಡನೆ ಬರುವ ಆಕ್ಷೇಪ ಒಂದಿದೆ. ಕಾರ್ಖಾನೆಗಳನ್ನು ಕೇಳದೆ ಬಡ ಸಂಸಾರಿಗಳನ್ನು ಏಕೆ ಕೇಳುತ್ತೀರಿ ಎಂಬುದು ಅದು. ಈ ಭಾಗದಲ್ಲಿ ಇದು ಬರಿಯ ವಾದವಲ್ಲ. ತಳಕಲ್ ನಿಲ್ದಾಣದಲ್ಲಿ ಅರ್ಧ ದಿನ ಕುಳಿತವರು, ಗೋವಾದ ಮೊರ್ಮುಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯತ್ತ ಸಾಗುವ ಕಲ್ಲಿದ್ದಲಿನ ಗಾಡಿಗಳನ್ನು ಕಂಡಿರುತ್ತಾರೆ. ಗಿಣಗೇರಾ ಸುತ್ತಿನ ತಾಯಂದಿರಿಗೆ, ಹಗ್ಗದ ಮೇಲೆ ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಕಪ್ಪು ಧೂಳು ಕೂರುವುದರ ಬಗ್ಗೆ ಯಾವ ವಿಜ್ಞಾನಿಯೂ ಪಾಠ ಹೇಳಬೇಕಾಗಿಲ್ಲ. 2025ರ ಫೆಬ್ರವರಿಯಲ್ಲಿ ಕೊಪ್ಪಳದ ಜನ ಮತಭೇದವಿಲ್ಲದೆ ಬೀದಿಗಿಳಿದು, ಊರ ಪಕ್ಕದಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಹೇಳಿದರು. ಗವಿಮಠದ ಶ್ರೀಗಳು ಅವರೊಂದಿಗೆ ನಿಂತರು. ಆ ಪ್ರಶ್ನೆಯನ್ನು ಮರೆಸುವುದಕ್ಕಾಗಿ ಇಸ್ತ್ರಿ ಪೆಟ್ಟಿಗೆಯನ್ನು ಮುಂದೆ ತಂದರೆ ಅದು ವಂಚನೆ. ಆದರೆ ದೊಡ್ಡವರು ತಪ್ಪು ಮಾಡುತ್ತಾರೆಂಬುದು ನಮ್ಮ ಮನೆಯ ಲೆಕ್ಕವನ್ನು ರದ್ದು ಮಾಡುವುದಿಲ್ಲ. ದೊಡ್ಡವರನ್ನು ಕೇಳುವ ನೈತಿಕ ಬಲ ಬರುವುದೂ ನಮ್ಮ ಮನೆಯ ಅಚ್ಚುಕಟ್ಟಿನಿಂದಲೇ.

ಉಳಿತಾಯದ ಮಾತಿಗೆ ಈಗ ಇನ್ನೊಂದು ತೊಡಕು ಬಂದಿದೆ. 2023ರ ಜುಲೈಯಿಂದ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆಯಡಿ, ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, 200 ಯೂನಿಟ್ಟಿನ ಮಿತಿಯೊಳಗೆ ಮನೆಯ ವಿದ್ಯುತ್ತು ಉಚಿತ. ಬಡ ಕುಟುಂಬಗಳಿಗೆ ಅದರಿಂದ ಆದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಜೆಸ್ಕಾಂ ಬಿಲ್ಲಿನಲ್ಲಿ ಸೊನ್ನೆ ಬಂದಾಗ, ಮಿತಿಯೊಳಗಿರುವವನು ಎಂಟು ಯೂನಿಟ್ ಉಳಿಸಿದರೂ ಸೊನ್ನೆ, ಉಳಿಸದಿದ್ದರೂ ಸೊನ್ನೆ. ಹಾಗಾದರೆ ಉಳಿಸುವುದೇಕೆ? ಗುರುಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಇಮ್ಯಾನ್ಯುಯೆಲ್ ಕಾಂಟ್ ಎಂಬ ಜರ್ಮನ್ ತತ್ತ್ವಜ್ಞಾನಿಯ ಅಂಗಡಿಕಾರನ ಉದಾಹರಣೆಯನ್ನು ನಾವು ಚರ್ಚಿಸುತ್ತಿದ್ದೆವು. ಗಿರಾಕಿಗಳು ತಪ್ಪಿಹೋಗಬಾರದೆಂದು ಸರಿಯಾದ ಬೆಲೆಗೆ ಮಾರುವ ಅಂಗಡಿಕಾರನ ನಡತೆ ಸರಿಯಾದುದೇ. ಆದರೆ ಅದು ಕರ್ತವ್ಯಪ್ರಜ್ಞೆಯಿಂದ ಹುಟ್ಟಿದ್ದಲ್ಲ. ಬಿಲ್ಲಿನ ಭಯದಿಂದ ಸ್ವಿಚ್ಚು ಆರಿಸುವವನೂ ಆ ಅಂಗಡಿಕಾರನೇ. ಬಿಲ್ಲು ಸೊನ್ನೆಯಾದ ಮೇಲೆಯೂ ಆರಿಸುವ ಕೈ ಯಾವುದು ಎಂಬುದು ಈಗ ಪ್ರತಿ ಮನೆಯಲ್ಲೂ ಗೊತ್ತಾಗುತ್ತದೆ. ಬಿಲ್ಲಿನಲ್ಲಿ ಕಾಣದ ಬೆಲೆಯನ್ನು ಬೇರೆ ಯಾರೋ ತೆರುತ್ತಿದ್ದಾರೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಬಳ್ಳಾರಿಯ ಕುಡಿತಿನಿಯಲ್ಲೂ ಉರಿಯುತ್ತಿದೆ. ಎರಡೂ ನಮ್ಮ ಬಳ್ಳಾರಿ ಧರ್ಮಕ್ಷೇತ್ರದ ಗಡಿಯೊಳಗಿನ ಊರುಗಳು. ಅಲ್ಲಿನ ಹಾರುಬೂದಿಯನ್ನು ಉಸಿರಾಡುವವರು ನಮ್ಮ ನೆರೆಯವರು.

ನಮ್ಮ ಧರ್ಮಸಭೆ ಈ ಮಾತನ್ನು ಹೊಸದಾಗಿ ಕಲಿತದ್ದಲ್ಲ. 1990ರ ಜನವರಿ 1ರ ವಿಶ್ವಶಾಂತಿ ದಿನದ ಸಂದೇಶವನ್ನು ಜಗದ್ಗುರು ಎರಡನೆಯ ಜಾನ್ ಪೌಲರು ಸೃಷ್ಟಿಯ ರಕ್ಷಣೆಗೇ ಮೀಸಲಿಟ್ಟು, ಸರಳತೆ, ಮಿತ, ತ್ಯಾಗ ಇವು ದಿನನಿತ್ಯದ ಬದುಕಿನ ಭಾಗವಾಗಬೇಕೆಂದು ಹೇಳಿದ್ದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು 'ಲೌದಾತೊ ಸೀ' ವಿಶ್ವಪತ್ರದ 211ನೆಯ ಪರಿಚ್ಛೇದದಲ್ಲಿ ಅನಾವಶ್ಯಕ ದೀಪ ಆರಿಸುವುದು, ಉಣ್ಣುವಷ್ಟೇ ಬೇಯಿಸುವುದು, ನೀರು ಮಿತವಾಗಿ ಬಳಸುವುದು ಮೊದಲಾದ ಸಣ್ಣ ಕೆಲಸಗಳನ್ನು ಹೆಸರು ಹೇಳಿ ಎಣಿಸಿದರು. ಅಲ್ಲೇ ಅವರು ಕೊಟ್ಟ ಒಂದು ದೃಷ್ಟಾಂತವನ್ನು ಓದುಗರು ಗಮನಿಸಬೇಕು. ಹೆಚ್ಚು ಖರ್ಚು ಮಾಡುವ ಶಕ್ತಿಯಿದ್ದೂ ಮನೆ ಬಿಸಿಮಾಡುವ ಯಂತ್ರವನ್ನು ಕಡಿಮೆ ಬಳಸಿ, ಬೆಚ್ಚನೆಯ ಬಟ್ಟೆ ತೊಡುವವನ ಮಾತು ಅದು. 'ಶಕ್ತಿಯಿದ್ದೂ' ಎಂಬ ಪದವೇ ಇಲ್ಲಿ ಮುಖ್ಯ. ತ್ಯಾಗವೆಂಬುದು ಇದ್ದವನಿಗೆ ಮಾತ್ರ ಸಾಧ್ಯ. ಇಲ್ಲದವನಿಗೆ ತ್ಯಾಗ ಬೋಧಿಸುವುದು ಕ್ರೌರ್ಯ.

ಇಸ್ತ್ರಿಯ ವಿಷಯದಲ್ಲಿ ಇದ್ದವರು ಯಾರು, ಇಲ್ಲದವರು ಯಾರು? ಪೆಟ್ಟಿಗೆ ಬಹಳ ಮನೆಗಳಲ್ಲಿ ಇದೆ. ನಾನು ಕೇಳುತ್ತಿರುವುದು ಪೆಟ್ಟಿಗೆಯ ಮಾತಲ್ಲ, ಮರ್ಯಾದೆಯ ಮಾತು. ಬ್ಯಾಂಕಿನ ವ್ಯವಸ್ಥಾಪಕರು ಸುಕ್ಕುಗಟ್ಟಿದ ಅಂಗಿಯಲ್ಲಿ ಬಂದರೆ ಜನ 'ಎಷ್ಟು ಸರಳ ಮನುಷ್ಯ' ಎಂದು ಕೊಂಡಾಡುತ್ತಾರೆ. ಅದೇ ಸುಕ್ಕಿನ ಅಂಗಿಯಲ್ಲಿ ಕಟ್ಟಡ ಕಾರ್ಮಿಕನೊಬ್ಬ ಆ ಬ್ಯಾಂಕಿಗೆ ಹೋದರೆ ಅವನಿಗೆ ಕುರ್ಚಿಯೂ ಸಿಗುವುದಿಲ್ಲ. ಆದುದರಿಂದಲೇ ಅವನು ತಾಲ್ಲೂಕು ಕಚೇರಿಗೆ ಹೋಗುವ ದಿನ ಬಿಳಿ ಅಂಗಿಗೆ ಗಂಜಿ ಹಾಕಿಸಿ, ಗೆರೆ ಮೂಡುವಂತೆ ಇಸ್ತ್ರಿ ಮಾಡಿಸಿ ತೊಡುತ್ತಾನೆ. ಅದು ಡೌಲಲ್ಲ, ತನ್ನ ಅರ್ಜಿಯ ಜೊತೆಗೆ ಅವನು ಲಗತ್ತಿಸುವ ಇನ್ನೊಂದು ಕಾಗದ. ಒಳ್ಳೆಯ ಬಟ್ಟೆ ಉಡುವುದನ್ನೇ ಕೆಲವು ಜಾತಿಗಳಿಗೆ ನಿಷೇಧಿಸಿದ್ದ ಸಮಾಜ ನಮ್ಮದು. 1927ರಲ್ಲಿ ಮಹಾಡಿನಲ್ಲಿ ಡಾ. ಅಂಬೇಡ್ಕರ್ ಅವರು ದಲಿತ ಮಹಿಳೆಯರಿಗೆ ಶುಭ್ರವಾಗಿ ಇರಿ, ಮೇಲ್ಜಾತಿಯವರಂತೆಯೇ ಸೀರೆ ಉಡಿ ಎಂದು ಹೇಳಿದ್ದು ಅಲಂಕಾರದ ಉಪದೇಶವಾಗಿರಲಿಲ್ಲ. ಅವರ ಸೂಟು ಕೂಡ ಅಲಂಕಾರವಾಗಿರಲಿಲ್ಲ. ಹೀಗಿರುವಾಗ ತಲೆಮಾರುಗಳ ಬಳಿಕ ಮೊದಲ ಸಲ ಮಡಿಕೆ ಮುರಿಯದ ಸಮವಸ್ತ್ರದಲ್ಲಿ ಶಾಲೆಗೆ ಹೋಗುತ್ತಿರುವ ಮಗುವಿಗೆ 'ಸುಕ್ಕು ಒಳ್ಳೆಯದು' ಎಂದು ಹೇಳಲು ನಾವು ಯಾರು?

ಸಂತ ಯಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ನಮ್ಮನ್ನೇ ಕಂಡು ಬರೆದಂತೆ ಬರೆದಿದ್ದಾರೆ. ಚಿನ್ನದುಂಗುರ ತೊಟ್ಟು ಹೊಳೆಯುವ ಉಡುಪಿನಲ್ಲಿ ಬಂದವನನ್ನು ಸಭೆಯಲ್ಲಿ ಒಳ್ಳೆಯ ಜಾಗದಲ್ಲಿ ಕೂರಿಸಿ, ಕೊಳಕು ಬಟ್ಟೆಯ ಬಡವನನ್ನು ನಿಲ್ಲಿಸಿ ಮಾತನಾಡಿಸುವ ವಿಶ್ವಾಸಿಗಳನ್ನು ಅವರು ಕಟುವಾಗಿ ಪ್ರಶ್ನಿಸುತ್ತಾರೆ. ನಮ್ಮ ದೇವಾಲಯಗಳ ವಾರ್ಷಿಕೋತ್ಸವದ ದಿನ ಮುಂದಿನ ಸಾಲಿನ ಕುರ್ಚಿಗಳು ಯಾವ ಅಂಗಿಗಳಿಗೆ ಮೀಸಲಾಗಿರುತ್ತವೆ ಎಂಬುದನ್ನು ಪ್ರತಿಯೊಂದು ಧರ್ಮಕೇಂದ್ರದ ಹಿರಿಯರೂ ತಮ್ಮಷ್ಟಕ್ಕೆ ನೆನಪಿಸಿಕೊಳ್ಳಲಿ. ಬಟ್ಟೆ ನೋಡಿ ಮಣೆ ಹಾಕುವ ಅಭ್ಯಾಸ ಇರುವ ತನಕ ಬಡವ ಇಸ್ತ್ರಿ ಬಿಡಲಾರ, ಬಿಡಲೂ ಬಾರದು. ಮೊದಲು ಬಿಡಬೇಕಾದವರು ಸುಕ್ಕಿದ್ದರೂ ಗೌರವ ಕುಂದದವರು: ಗುರುಗಳು, ಅಧ್ಯಾಪಕರು, ಅಧಿಕಾರಿಗಳು, ವೈದ್ಯರು, ಧರ್ಮಕೇಂದ್ರದ ಪಾಲನಾ ಸಮಿತಿಯ ಸದಸ್ಯರು. ಊರಿನ ಹೆಡ್ ಮಾಸ್ತರರು ಇಸ್ತ್ರಿಯಿಲ್ಲದ ಅಂಗಿಯಲ್ಲಿ ವರ್ಷವೊಂದು ಓಡಾಡಿದರೆ ಆ ಊರಿನಲ್ಲಿ ಸುಕ್ಕು ನಾಚಿಕೆಯ ವಿಷಯವಾಗಿ ಉಳಿಯುವುದಿಲ್ಲ. ಆಮೇಲೆ ಬಡವನಿಗೆ ಯಾರೂ ಏನೂ ಹೇಳಬೇಕಾಗಿಲ್ಲ.

ಇಲ್ಲಿಯೇ ಒಂದು ಅಪಾಯವೂ ಇದೆ. ಸುಕ್ಕನ್ನೇ ಒಂದು ಪದಕದಂತೆ ಎದೆಯ ಮೇಲೆ ಧರಿಸುವವರು ಹುಟ್ಟಿಕೊಳ್ಳುತ್ತಾರೆ. ಸಂತ ಮತ್ತಾಯರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ, ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಜನರಿಗೆ ತೋರಿಸಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ ಎಂದು ಕಲಿಸಿದರು. ಈ ಭಾಗಕ್ಕೆ ವ್ಯಾಖ್ಯಾನ ಬರೆಯುತ್ತ ಸಂತ ಅಗುಸ್ತೀನರು, ದೇಹದ ಆಡಂಬರದಲ್ಲಿ ಮಾತ್ರವಲ್ಲ, ಕೊಳೆ ಮತ್ತು ಶೋಕವೇಷದಲ್ಲೂ ಜಂಭ ಅಡಗಿರಬಹುದೆಂದು ಎಚ್ಚರಿಸಿದರು. ಸಂತ ತೋಮಸ್ ಅಕ್ವಿನಾಸರು ಉಡುಪಿನ ವಿಷಯಕ್ಕೆಂದೇ ಒಂದು ಪ್ರಶ್ನೆಯನ್ನು, ತಮ್ಮ 'ಸುಮ್ಮಾ'ದ ಎರಡನೆಯ ಭಾಗದ ಎರಡನೆಯ ವಿಭಾಗದಲ್ಲಿ 169ನೆಯದನ್ನು, ಮೀಸಲಿಟ್ಟಿದ್ದಾರೆ. ಅವರ ಪ್ರಕಾರ ಉಡುಪಿನಲ್ಲಿ ತಪ್ಪುವ ದಾರಿ ಎರಡು ಕಡೆಗೂ ಇದೆ. ಅತಿಯಾದ ಆಸ್ಥೆ ಒಂದು ಕಡೆ. ಉದಾಸೀನ ಇನ್ನೊಂದು ಕಡೆ, ಮತ್ತು ಆ ಉದಾಸೀನವನ್ನೇ ಹೊಗಳಿಕೆಗಾಗಿ ಬಳಸಿಕೊಳ್ಳುವುದು ಅದಕ್ಕಿಂತಲೂ ಕೆಟ್ಟದ್ದು. ಗ್ರೀಸಿನ ಅರಿಸ್ಟಾಟಲ್ ಇದಕ್ಕೂ ಬಹಳ ಹಿಂದೆಯೇ ಸ್ಪಾರ್ಟಾದವರ ಒರಟು ಉಡುಪಿನಲ್ಲಿ ಜಂಭವನ್ನು ಕಂಡಿದ್ದ. 'ಇಂದು ನಾನು ಇಸ್ತ್ರಿ ಮಾಡಿಲ್ಲ' ಎಂದು ಫೋಟೋ ತೆಗೆದು ಮೊಬೈಲಿನಲ್ಲಿ ಹಂಚುವುದಕ್ಕೆ ಈ ಮೂವರೂ ಏನೆನ್ನುತ್ತಿದ್ದರೆಂಬುದನ್ನು ವಿವರಿಸಬೇಕಾಗಿಲ್ಲ. ಸುಕ್ಕಿರಲಿ, ಕೊಳೆ ಬೇಡ. ಒಗೆದ ಬಟ್ಟೆ, ಹಾಕಿದ ಗುಂಡಿ, ಹೊಲಿದ ಅಂಚು ಇಷ್ಟಿದ್ದರೆ ಶಿಸ್ತಿಗೆ ಕೊರತೆಯಿಲ್ಲ.

ಇಸ್ತ್ರಿಯಿಲ್ಲದ ಅಚ್ಚುಕಟ್ಟು ನಮ್ಮ ಹಿರಿಯರಿಗೆ ಗೊತ್ತಿದ್ದ ವಿದ್ಯೆ. ಇಳಕಲ್ ಸೀರೆಯನ್ನು ಒದ್ದೆಯಿರುವಾಗಲೇ ಇಬ್ಬರು ಎರಡು ತುದಿ ಹಿಡಿದು ಎಳೆದು, ಕೊಡವಿ, ನೆರಳಿನಲ್ಲಿ ಒಣಗಿಸಿ, ನಾಲ್ಕು ಮಡಿಕೆ ಮಾಡಿ ಹಾಸಿಗೆಯ ಕೆಳಗಿಟ್ಟರೆ ಮರುದಿನ ಅದು ತಾನಾಗಿ ನೀಟಾಗಿರುತ್ತಿತ್ತು. ಧೋತರದ ಕತೆಯೂ ಅದೇ. ಮದುವೆಯಂಥ ಸಂದರ್ಭಕ್ಕೆ ಹಿತ್ತಾಳೆ ತಂಬಿಗೆಯೊಳಗೆ ಕೆಂಡ ತುಂಬಿ ಅಂಗಿಯ ಮೇಲೆ ಉಜ್ಜುತ್ತಿದ್ದರು. 'ಇಸ್ತ್ರಿ' ಎಂಬ ಮಾತೇ ಪೋರ್ಚುಗೀಸರಿಂದ ಬಂದಿರಬಹುದೆಂಬ ಅಭಿಪ್ರಾಯ ಭಾಷಾ ವಿದ್ವಾಂಸರಲ್ಲಿದೆ. ಅದು ನಿಜವಾದರೆ, ಈ ದೇಶಕ್ಕೆ ಜಪಮಾಲೆಯನ್ನು ತಂದ ಹಡಗುಗಳಲ್ಲೇ ಇಸ್ತ್ರಿಯೂ ಬಂದಿಳಿಯಿತೆನ್ನಬೇಕು. ಈಗ ನಾವು ದುಂಡಗೆ ಸುತ್ತಿ ಹಿಂಡುವ ಯಂತ್ರದಿಂದ ಬಟ್ಟೆ ತೆಗೆದು, ಮುದ್ದೆಯಾಗಿಯೇ ಹಗ್ಗಕ್ಕೆ ಎಸೆದು, ಆ ಮುದ್ದೆಯನ್ನು ಬಿಡಿಸಲು ಮತ್ತೆ ಕರೆಂಟು ಸುಡುತ್ತೇವೆ.

ಈ ಕೆಲಸ ಮಾಡುವ ಕೈ ಯಾರದು ಎಂಬುದನ್ನೂ ಹೇಳದಿದ್ದರೆ ಲೇಖನ ಅಪೂರ್ಣ. ಈ ವಿಷಯ ಪ್ರಸ್ತಾಪವಾದಾಗ ತಾಯಿಯೊಬ್ಬರು ನನಗೆ ಹೇಳಿದ ಮಾತು ಇದು: "ಫಾದರ್, ಅವರು ಇಸ್ತ್ರಿ ಬಿಡತೀನಿ ಅಂದ್ರ ನಾ ಬ್ಯಾಡಂತೀನೇನ್ರಿ? ಮಾಡಾಕಿ ನಾನs ಅಲ್ರಿ!" ಮನೆಯ ಗಂಡಸು ಇಸ್ತ್ರಿ ತ್ಯಜಿಸಿದೆನೆಂದರೆ ಬಹಳ ಮನೆಗಳಲ್ಲಿ ಅವನು ತ್ಯಜಿಸಿದ್ದು ಹೆಂಡತಿಯ ದುಡಿಮೆಯನ್ನು. ಏಪ್ರಿಲ್ ಮೇ ತಿಂಗಳ ನಮ್ಮ ಸೆಕೆಯಲ್ಲಿ, ಬೆಳಗಿನ ರೊಟ್ಟಿಯ ಹಂಚಿನ ಮುಂದಿನಿಂದ ಎದ್ದು ಬಂದು ಇನ್ನೊಂದು ಬಿಸಿಯ ಮುಂದೆ ನಿಲ್ಲುವುದು ತಪ್ಪಿದರೆ, ಉಳಿದ ಇಂಗಾಲದ ಲೆಕ್ಕ ಹಾಗಿರಲಿ, ಆ ಇಪ್ಪತ್ತು ನಿಮಿಷವೇ ಒಂದು ವರ. ಇಸ್ತ್ರಿ ಬೇಕೇಬೇಕೆನ್ನುವ ಗಂಡಸರು ತಮ್ಮದನ್ನು ತಾವೇ ಮಾಡಿಕೊಳ್ಳಲಿ. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ಕಾಲರ್ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡುವುದನ್ನು ಕಲಿತು, ಮೊದಲ ದಿನ ಗಂಜಿ ತೊಟ್ಟಿಕ್ಕುವ ಕಾಲರಿನಲ್ಲೇ ನ್ಯಾಯಾಲಯಕ್ಕೆ ಹೋಗಿ ನಗೆಗೀಡಾದರು. ಮುಂದೆ ಗೋಖಲೆಯವರು ಜೋಹಾನ್ಸ್‌ಬರ್ಗಿಗೆ ಬಂದಾಗ, ನ್ಯಾಯಮೂರ್ತಿ ರಾನಡೆ ಅವರಿಗೆ ಕೊಟ್ಟಿದ್ದ ಅಮೂಲ್ಯ ಶಲ್ಯವನ್ನು ಅಳುಕದೆ ಇಸ್ತ್ರಿ ಮಾಡಿಕೊಟ್ಟರು. ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಅವರು ಸಂತೋಷದಿಂದ ಬರೆದಿದ್ದಾರೆ.

ಇನ್ನು ಊರಿನ ಇಸ್ತ್ರಿ ಅಂಗಡಿಯವರ ವಿಷಯ. ಎಲ್ಲರೂ ಇಸ್ತ್ರಿ ಬಿಟ್ಟರೆ ಅವರ ಹೊಟ್ಟೆಯ ಗತಿ? ಈ ಪ್ರಶ್ನೆಯನ್ನು ದೆಹಲಿಯ ಅಭಿಯಾನದಲ್ಲಿ ಯಾರೂ ಗಟ್ಟಿಯಾಗಿ ಕೇಳಿದಂತೆ ಕಾಣಲಿಲ್ಲ. ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವರು ಬಟ್ಟೆ ಒಗೆಯುವ ಕಾಯಕವನ್ನು ಕಲ್ಯಾಣದಲ್ಲಿ ಎಷ್ಟು ಎತ್ತರಕ್ಕೆ ಏರಿಸಿದರೆಂಬುದು ಈ ನಾಡಿನ ಮಕ್ಕಳಿಗೂ ಗೊತ್ತು. ಆ ಕಾಯಕವನ್ನು ಇಂದಿಗೂ ನೆಚ್ಚಿಕೊಂಡ ಕುಟುಂಬಗಳು ನಮ್ಮ ಪ್ರತಿ ಪಟ್ಟಣದಲ್ಲೂ ಇವೆ. ದಿನವಿಡೀ ಕೆಂಡದ ಪೆಟ್ಟಿಗೆಯ ಮುಂದೆ ನಿಂತು, ಇದ್ದಿಲ ಹೊಗೆ ಕುಡಿದು, ಬಟ್ಟೆಯೊಂದಕ್ಕೆ ನಾಲ್ಕು ಕಾಸು ಗಳಿಸುವವರನ್ನು ಪರಿಸರದ ಹೆಸರಿನಲ್ಲಿ ಮನೆಗೆ ಕಳಿಸುವುದು ನ್ಯಾಯವಲ್ಲ. ಇದ್ದಿಲೂ ಹಿತವಲ್ಲವೆಂಬುದು ನಿಜ. ಅದರ ಹೊಗೆ ಮೊದಲು ಸೇರುವುದು ಅವರ ಎದೆಯನ್ನೇ. ತಮಿಳುನಾಡಿನ ತಿರುವಣ್ಣಾಮಲೈಯ ವಿನಿಶಾ ಉಮಾಶಂಕರ್ ಎಂಬ ಬಾಲಕಿ ತನ್ನ ಬೀದಿಯ ಇಸ್ತ್ರಿಯವರು ಉರಿದ ಇದ್ದಿಲನ್ನು ಸುರಿಯುವುದನ್ನು ಕಂಡು, ಬಿಸಿಲಿನಿಂದ ನಡೆಯುವ ಇಸ್ತ್ರಿ ಗಾಡಿಯೊಂದನ್ನು ರೂಪಿಸಿದಳು. ಐದು ತಾಸಿನ ಒಳ್ಳೆಯ ಬಿಸಿಲು ಬಿದ್ದರೆ ಆರು ತಾಸು ಇಸ್ತ್ರಿ ನಡೆಯುವುದೆಂಬುದು ಅದರ ಲೆಕ್ಕ. 2021ರಲ್ಲಿ ಅರ್ಥ್‌ಶಾಟ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಆಯ್ಕೆಯಾದ ಆಕೆ ಗ್ಲಾಸ್ಗೋ ನಗರದ ಹವಾಮಾನ ಸಮ್ಮೇಳನದಲ್ಲಿ ಜಗತ್ತಿನ ನಾಯಕರ ಮುಂದೆ ಮಾತನಾಡಿದಳು. ಆಗ ಅವಳಿಗೆ ವಯಸ್ಸು ಕೇವಲ 14-15. ಇಸ್ತ್ರಿಯವನನ್ನು ತೆಗೆದುಹಾಕುವ ಯೋಚನೆ ಅವಳಿಗೆ ಬರಲಿಲ್ಲ. ಅವನ ಕೈಗೆ ಒಳ್ಳೆಯ ಪೆಟ್ಟಿಗೆ ಕೊಡುವ ಯೋಚನೆ ಬಂತು. ಬಿಸಿಲಿಗೆ ಬರವಿಲ್ಲದ ನಮ್ಮ ಜಿಲ್ಲೆಯಲ್ಲಿ ಇಂಥದೊಂದು ಗಾಡಿಯನ್ನು ಒಬ್ಬ ಇಸ್ತ್ರಿಯವರಿಗೆ ಕೊಡಿಸುವುದು ಸಂತ ವಿನ್ಸೆಂಟ್ ದೆ ಪೌಲ್ ಸಭೆಯಂಥ ನಮ್ಮ ಸೇವಾ ಸಂಘಗಳಿಗೆ ಮೀರಿದ ಕೆಲಸವೇನಲ್ಲ. ತಳಕಲ್ಲಿನಲ್ಲಿಯೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿನ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಅದರ ತಾಂತ್ರಿಕ ಭಾಗವೂ ಕಷ್ಟವಾಗದು.

ಆದ್ದರಿಂದ ನನ್ನ ಸಲಹೆ ಇಷ್ಟು. ಟವೆಲು, ಹೊದಿಕೆ, ದಿಂಬಿನ ಚೀಲ, ಲುಂಗಿ, ಮನೆಯೊಳಗೆ ಉಡುವ ಬಟ್ಟೆ ಇವಕ್ಕೆ ಇಸ್ತ್ರಿ ಹಾಕುವ ಮನೆಗಳು ಅದನ್ನು ಇಂದೇ ನಿಲ್ಲಿಸಲಿ. ದಿನವೂ ಬೆಳಿಗ್ಗೆ ಒಂದು ಅಂಗಿಗಾಗಿ ಪೆಟ್ಟಿಗೆ ಕಾಯಿಸುವುದಕ್ಕಿಂತ ವಾರಕ್ಕೊಮ್ಮೆ, ಭಾನುವಾರ ಬಲಿಪೂಜೆ ಮುಗಿಸಿ ಬಂದ ಬಳಿಕ ನಡುಹಗಲಿನಲ್ಲಿ, ಎಲ್ಲವನ್ನೂ ಒಟ್ಟಿಗೆ ಮುಗಿಸುವುದು ಲೇಸು. ಸೂರ್ಯನಿಂದ ಬರುವ ವಿದ್ಯುತ್ತು ರಾಜ್ಯದಲ್ಲಿ ಹೇರಳವಾಗಿರುವ ಹೊತ್ತು ಅದು. ಪೆಟ್ಟಿಗೆ ಕಾಯುತ್ತಿರುವಾಗ ಟೆರಿಲಿನ್, ಪೂರ್ಣ ಕಾದಾಗ ಹತ್ತಿ; ಸ್ವಿಚ್ಚು ಆರಿಸಿದ ಮೇಲೆ ಉಳಿದ ಬಿಸಿಯಲ್ಲಿ ಕರವಸ್ತ್ರದಂಥ ಸಣ್ಣವು. ವಿಜ್ಞಾನಿಗಳು ಸೋಮವಾರವನ್ನು ಆರಿಸಿಕೊಂಡರು. ನಮಗೆ ಶುಕ್ರವಾರ ಹೆಚ್ಚು ಸಹಜ. ಧರ್ಮಸಭೆಯ ಕಾನೂನಿನಂತೆ ವರ್ಷದ ಪ್ರತಿ ಶುಕ್ರವಾರವೂ ಪ್ರಾಯಶ್ಚಿತ್ತದ ದಿನವೆಂಬುದನ್ನು ನಮ್ಮಲ್ಲಿ ಅನೇಕರು ಮರೆತೇಬಿಟ್ಟಿದ್ದಾರೆ, ತಪಸ್ಸುಕಾಲದ ಶುಕ್ರವಾರಗಳಷ್ಟೇ ನೆನಪಿನಲ್ಲುಳಿದಿವೆ. ಅಂಗಡಿಯಲ್ಲಿ ಇಸ್ತ್ರಿ ಮಾಡಿಸುವವರು ಶುಕ್ರವಾರದ ಜೊತೆಯನ್ನು ಬಿಟ್ಟರೆ ಅದರ ಹಣವನ್ನು ಉಳಿಸಿಕೊಳ್ಳದೆ ಆ ಇಸ್ತ್ರಿಯವರಿಗೇ ಕೊಡಲಿ. ಉಪವಾಸದಿಂದ ಉಳಿದದ್ದು ಬಡವನಿಗೆ ಎಂಬುದು ಧರ್ಮಸಭೆಯ ಹಳೆಯ ಪದ್ಧತಿಯೇ.

ಬಲಿಪೀಠದ ವಸ್ತ್ರಗಳ ಗತಿಯೇನೆಂದು ದೇವಾಲಯ ನೋಡಿಕೊಳ್ಳುವ ಧರ್ಮಭಗಿನಿಯರು ಕೇಳಬಹುದು. ಅವಕ್ಕೆ ಇಸ್ತ್ರಿ ಇರಲಿ. ಪೂಜಾಪಾತ್ರೆಯ ಕೆಳಗೆ ಹಾಸುವ ಕಾರ್ಪೊರಲ್ ವಸ್ತ್ರವನ್ನು ಒಂಬತ್ತು ಚೌಕಗಳಾಗುವಂತೆ ಒಳಮುಖವಾಗಿ ಮಡಚುವುದು, ಪರಮಪ್ರಸಾದದ ಕಣವೊಂದು ಬಿದ್ದರೂ ಅದರೊಳಗೇ ಉಳಿಯಲೆಂದು. ಮಡಿಕೆಯ ಗೆರೆ ಅಲ್ಲಿ ಅಲಂಕಾರಕ್ಕಲ್ಲ, ಕೆಲಸಕ್ಕೆ. ಬಲಿಪೀಠದ ಸೇವಕರ ಉಡುಪಿನ ಘನತೆ ಅವರ ಸ್ವಂತ ಗೌರವಕ್ಕಲ್ಲ, ಆರಾಧನೆಯ ಗೌರವಕ್ಕೆ ಎಂದು ಅಕ್ವಿನಾಸರೂ ಹೇಳಿದ್ದಾರೆ. ಆದರೆ ಅದೇ ಮಾತನ್ನು ಗುರುಗಳು ತಮ್ಮ ದಿನಬಳಕೆಯ ಬಿಳಿ ನಿಲುವಂಗಿಗೆ ಅನ್ವಯಿಸಿಕೊಳ್ಳುವಂತಿಲ್ಲ.

ಕೊನೆಯದಾಗಿ ನಮ್ಮ ಶಾಲೆಗಳ ಆಡಳಿತ ಮಂಡಳಿಗಳಿಗೆ ಒಂದು ವಿನಂತಿ. ಇಸ್ತ್ರಿಯಿಲ್ಲದ ಸಮವಸ್ತ್ರಕ್ಕಾಗಿ ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಮಕ್ಕಳನ್ನು ಸಾಲಿನಿಂದ ಹೊರಗೆ ನಿಲ್ಲಿಸುವ ಪದ್ಧತಿ ಇನ್ನೂ ಕೆಲವೆಡೆ ಇದೆ. ಹಾಗೆ ನಿಲ್ಲುವ ಮಗು ಸಾಮಾನ್ಯವಾಗಿ ನಸುಕಿನಲ್ಲೇ ಕೂಲಿಗೆ ಹೋಗುವ ತಾಯಿಯದು. ಎಲ್ಲರೂ ಸಮಾನರಾಗಿ ಕಾಣಲೆಂದು ತಂದ ಸಮವಸ್ತ್ರದಲ್ಲೂ ಇಸ್ತ್ರಿಯ ಗೆರೆ ಮೇಲು ಕೀಳನ್ನು ಎಳೆಯುತ್ತದೆ. ಹೊಸ ಶೈಕ್ಷಣಿಕ ವರ್ಷದ ದಿನಚರಿ ಪುಸ್ತಕಗಳು ಏಪ್ರಿಲ್ ಹೊತ್ತಿಗೆ ಅಚ್ಚಿಗೆ ಹೋಗುತ್ತವೆ. ನಿಯಮಗಳ ಪುಟದಲ್ಲಿ 'ಸಮವಸ್ತ್ರ ಶುಭ್ರವಾಗಿರಬೇಕು. ಇಸ್ತ್ರಿ ಕಡ್ಡಾಯವಲ್ಲ' ಎಂದು ಒಂದು ಸಾಲು ಸೇರಿಸಲು ಮುಖ್ಯೋಪಾಧ್ಯಾಯರಿಗೆ ಅಷ್ಟರೊಳಗೆ ಸಮಯವಿದೆ. ಅಧ್ಯಾಪಕರ ನಿಯಮಗಳ ಪುಟದಲ್ಲೂ ಅದನ್ನೇ ಅಚ್ಚು ಹಾಕಿಸಬಹುದು.